ಚಂಪವ್ವಜ್ಜಿಯನ್ನು ಕಳ್ಳಿ ಎಂದ ಮೈಬುಸಾಬರ ಮೇಲೆ ಹೂಡಿದ ದಾವೆ

ಗಾಳಿಕೇರಿ, ನಿಲ್ದಾಣಪೇಟೆ
ಎಂಬತ್ತೊಂಬತ್ತನೆಯ ಗಾಳಿವರ್ಷ, ಎರಡನೇ ವೈಶಾಖದ ಮೂವತ್ತೆಂಟನೆಯ ದಿನ

ಎಂದೋ ಬಾಳಿದ ಹಿರಿಯರೇ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದಲ್ಲಿ ವೈಶಾಖ ಒಂದೇ ಇತ್ತು, ತಿಂಗಳಿಗೆ ಇಷ್ಟೊಂದು ದಿನಗಳೂ ಇರಲಿಲ್ಲ ಎಂದು ಬಲ್ಲೆ. ಬಿಸಿಲು ಬೆಳೆದಂತೆ ನಾವು ಬೇಸಿಗೆಯ ತಿಂಗಳುಗಳನ್ನು ಹಿಗ್ಗಿಸಿಕೊಂಡೆವು, ಅಷ್ಟೆ. ಈ ಪತ್ರದಲ್ಲಿ ನಿಮಗೆ ವಿಚಿತ್ರವೆನಿಸುವ ಮಾತುಗಳು ಇನ್ನೂ ಕೆಲವು ಬರುತ್ತವೆ. ಅವುಗಳಿಗೆ ಅಲ್ಲಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ಆದರೂ ಎಲ್ಲಾದರೂ ತೊಡಕಾದರೆ ಕ್ಷಮಿಸಬೇಕು. ನೀವಾಡುವ ಕನ್ನಡವನ್ನು ನಾನು ಹಳೆಯ ಧ್ವನಿಗಳಲ್ಲಿ ಕೇಳಿ ಕಲಿತವಳು. ಅಜ್ಜಿಯ ಸೀರೆಯನ್ನು ಮೊಮ್ಮಗಳು ಉಟ್ಟಂತೆ ನನ್ನ ವಾಕ್ಯಗಳು ಕೆಲವು ಕಡೆ ಸಡಿಲ, ಕೆಲವು ಕಡೆ ಬಿಗಿ.

ಹಿಂದಿನ ಕಾಲಕ್ಕೆ ಟಪಾಲು ಹಾಕುವ ಪೆಟ್ಟಿಗೆ ಈ ವರ್ಷ ನಮ್ಮ ಊರಿಗೂ ಬಂದಿದೆ. ಒಂದು ಮನೆಗೆ ಒಂದೇ ಪತ್ರ. ಪಕ್ಕದ ಮನೆಯವರು ಕೆರೆಗಳನ್ನು ಮುಚ್ಚಬೇಡಿ ಎಂದು ನಿಮಗೆ ಬರೆದಿದ್ದಾರೆ, ಎದುರು ಮನೆಯವರು ಮಾವಿನ ಯಾವುದೋ ತಳಿಯ ಓಟೆ ಉಳಿಸಿಡಿ ಎಂದು ಬೇಡಿದ್ದಾರೆ. ನಮ್ಮ ಮನೆಯ ಸರದಿ ಬಂದಾಗ ಅವ್ವ, ಸೋದರಮಾವ, ನಾನು ಮೂವರೂ ಕೂತು ಯೋಚಿಸಿದೆವು. ಕೊನೆಗೆ ಹೋದ ವರ್ಷ ನಮ್ಮ ಮನೆಯವರು ಹೂಡಿದ ಒಂದು ದಾವೆಯ ಕಥೆಯನ್ನೇ ಬರೆಯಬೇಕೆಂದು ತೀರ್ಮಾನವಾಯಿತು. ತೀರಿಹೋದವರ ಬಗ್ಗೆ ಯಾರಾದರೂ ಕೆಟ್ಟ ಮಾತಾಡಿದರೆ ಮನೆಯವರು ಕೋರ್ಟಿಗೆ ಹೋಗಬಹುದೇ ಎಂಬ ಪ್ರಶ್ನೆ ನಿಮ್ಮ ಕಾಲದಲ್ಲೂ ಇತ್ತೆಂದು ಕೇಳಿದ್ದೇನೆ. ಅದು ನಮ್ಮಲ್ಲಿ ಹೇಗೆ ಬೆಳೆಯಿತು, ಹೇಗೆ ಇತ್ಯರ್ಥವಾಯಿತು ಎಂಬುದನ್ನು ಕೇಳಿ.

ಮೊದಲು ನಮ್ಮ ಊರು. ಗಾಳಿಕೇರಿ ಬಯಲಿನ ಊರು. ಎತ್ತ ನೋಡಿದರೂ ಕರಿನೆಲ, ಅದರ ಮೇಲೆ ಸಜ್ಜೆ, ಅಗಸೆ, ಮತ್ತೆ ನೆರಳಿಗೆಂದು ಎತ್ತರಕ್ಕೆ ಕಟ್ಟಿದ ಬಟ್ಟೆಯ ಚಪ್ಪರಗಳು. ಬೆಳಿಗ್ಗೆ ಎದ್ದ ಕೂಡಲೇ ಪ್ರತಿ ಮನೆಯವರೂ ಚಪ್ಪರದ ಹಗ್ಗ ಎಳೆದು ಬೀದಿಗೆ ನೆರಳು ಹಾಸುತ್ತಾರೆ, ಸಂಜೆ ಸುತ್ತಿಡುತ್ತಾರೆ. ನಮ್ಮ ರೈಲು ಗಾಳಿರೈಲು. ಹಡಗಿನಂತೆ ಹಾಯಿ ಕಟ್ಟಿದ ಬಂಡಿಗಳ ಸಾಲು. ಬಯಲಿನ ಗಾಳಿಗೆ ಹಾಯಿ ಉಬ್ಬಿಸಿಕೊಂಡು ಹಳಿಯ ಮೇಲೆ ಹಾರಿದಂತೆ ಹೋಗುತ್ತದೆ. ಅದಕ್ಕೆ ಚಾಲಕನಿಲ್ಲ. ಹಳಿಯ ಪಕ್ಕ ಎಲ್ಲೆಲ್ಲಿ ನಿಲುಗಂಬ ನೆಟ್ಟಿದೆಯೋ ಅಲ್ಲಲ್ಲಿ ತಾನಾಗಿ ಹಾಯಿ ಇಳಿಸಿ ನಿಲ್ಲುತ್ತದೆ. ನಿಲುಗಂಬವೆಂದರೆ ಆಳೆತ್ತರದ ಕಪ್ಪು ಕಲ್ಲು, ಅದರ ಹೊಟ್ಟೆಯೊಳಗೆ ರೈಲಿಗೆ ಮಾತ್ರ ಕೇಳಿಸುವ ಒಂದು ಸಣ್ಣ ಯಂತ್ರ. ಕಂಬವಿದ್ದ ಊರಿಗೆ ಸಂತೆ, ಶಾಲೆ, ಆಸ್ಪತ್ರೆ ಎಲ್ಲವೂ ಬರುತ್ತವೆ. ಕಂಬವಿಲ್ಲದ ಊರಿನವರು ಹೊಲದಲ್ಲಿ ನಿಂತು ಹೋಗುವ ರೈಲಿಗೆ ಕೈ ಬೀಸುತ್ತಾರೆ.

ನಮ್ಮ ಊರಿಗೆ ನಿಲುಗಂಬ ತಂದವಳು ನನ್ನ ಅಜ್ಜಿ ಚಂಪವ್ವ. ಊರಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಹೇಗೆ ತಂದಳೆಂಬುದು ಮಾತ್ರ ಆಕೆಯ ಮುಂದಿನ ತಲೆಮಾರಿನ ಯಾರಿಗೂ ಗೊತ್ತಿರಲಿಲ್ಲ. ಆಕೆ ರೈಲು ಮಂಡಳಿಗೆ ವರ್ಷಗಟ್ಟಲೆ ವಿನಯದಿಂದ ಮನವಿ ಮಾಡಿಕೊಂಡಳು, ಮಂಡಳಿ ಆಕೆಯ ಸಾತ್ವಿಕ ಗುಣಕ್ಕೆ ಮೆಚ್ಚಿ ಕಂಬ ಕೊಟ್ಟಿತು ಎಂದು ನಿಲ್ದಾಣದ ಗೋಡೆಯ ಕಲ್ಲಿನಲ್ಲಿ ಕೆತ್ತಿದ್ದರು. ಅಜ್ಜಿ ತೀರಿಕೊಂಡ ಮೇಲೆ ಅದರ ಕೆಳಗೆ ಸದ್ಗುಣಿ, ಮಿತಭಾಷಿ, ಅಜಾತಶತ್ರು ಎಂದೂ ಸೇರಿಸಿದರು. ನಮ್ಮ ಅಜ್ಜಿ ಅಡುಗೆಮನೆಯಲ್ಲಿ ನಿಂತು ಬೈದರೆ ಮೂರನೇ ಬೀದಿಯ ನಾಯಿ ಎದ್ದು ಹೋಗುತ್ತಿತ್ತು. ಆದರೆ ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮನೆಯಲ್ಲೂ ಯಾರಿಗೂ ಇರಲಿಲ್ಲ.

ಆ ಅಂಜಿಕೆಗೆ ಕಾರಣ ಗತಗೌರವ ಕಾಯ್ದೆ. ಅದು ಹುಟ್ಟಿದ್ದಕ್ಕೆ ನ್ಯಾಯವಾದ ಕಾರಣವೇ ಇತ್ತು. ನನ್ನ ಮುತ್ತಜ್ಜಿಯರ ಕಾಲದಲ್ಲಿ ಸತ್ತವರ ಮುಖ ಮತ್ತು ದನಿಯನ್ನು ಯಂತ್ರಗಳಿಂದ ಎಬ್ಬಿಸಿ, ಅವರು ಎಂದೂ ಆಡದ ಹೊಲಸು ಮಾತುಗಳನ್ನು ಆಡಿಸುವ ಒಂದು ಕೆಟ್ಟ ಚಟ ಹಬ್ಬಿತ್ತಂತೆ. ಮಗಳನ್ನು ಕಳಕೊಂಡ ತಾಯಿಯೊಬ್ಬಳು ಬೀದಿಯ ಪರದೆಯ ಮೇಲೆ ಅದೇ ಮಗಳು ತನ್ನನ್ನೇ ಹಳಿಯುವುದನ್ನು ನೋಡಬೇಕಾಯಿತು. ಆ ತಾಯಿ ಹೋರಾಡಿ ಈ ಕಾಯ್ದೆ ತಂದಳು. ಮೃತರ ಬಗ್ಗೆ ಅವಮಾನದ ಮಾತಾಡಿದವರ ಮೇಲೆ ಮೂರು ತಲೆಮಾರಿನ ತನಕ ಮನೆಯವರು ದಾವೆ ಹೂಡಬಹುದು. ತಪ್ಪು ಸಾಬೀತಾದರೆ ಶಿಕ್ಷೆ ಮೌನವಾಸ, ಅಂದರೆ ಒಂದು ವರ್ಷ ಸಾರ್ವಜನಿಕವಾಗಿ ಎಲ್ಲೂ ಬಾಯಿ ತೆರೆಯುವಂತಿಲ್ಲ. ಆ ತಾಯಿಯ ಕಾಲಕ್ಕೆ ಅದು ಮದ್ದಾಗಿತ್ತು. ಆಮೇಲಿನವರು ಅದನ್ನೇ ಊಟ ಮಾಡಿಕೊಂಡರು. ಹೊಳೆ ದಾಟುವಾಗ ತಾತ ಹೆದರುತ್ತಿದ್ದ ಎಂದವರ ಮೇಲೆ ದಾವೆ, ಚಿಕ್ಕಮ್ಮನ ಸಾರು ಸಪ್ಪೆ ಎಂದವರ ಮೇಲೆ ದಾವೆ. ಕೊನೆಗೆ ಜನ ಸತ್ತವರ ಬಗ್ಗೆ ಮಾತಾಡುವುದನ್ನೇ ಬಿಟ್ಟರು. ವರ್ಷದ ನೆನಪಿನ ದಿನ ಸರ್ಕಾರ ಒಪ್ಪಿದ ಸ್ತುತಿಯೊಂದನ್ನು ಓದಿ, ಬೆಲ್ಲದ ನೀರು ಕುಡಿದು ಮನೆಗೆ ಹೋಗುವುದು ವಾಡಿಕೆಯಾಯಿತು. ಸದ್ಗುಣಿ, ಮಿತಭಾಷಿ, ಅಜಾತಶತ್ರು. ಊರಿನ ಎಲ್ಲ ಸತ್ತವರೂ ಒಬ್ಬರೇ ಆಗಿಹೋದರು.

ಅಜ್ಜಿ ತೀರಿಕೊಂಡು ವರ್ಷವಾದಾಗ ನಿಲ್ದಾಣದ ಅಂಗಳದಲ್ಲಿ ಆಕೆಯ ನೆನಪಿನ ಸಭೆ ಸೇರಿತು. ನನ್ನ ಸೋದರಮಾವ ಸಂಗನಬಸು ಊರಿನ ಮಂಡಳಿಯ ಮುಖ್ಯಸ್ಥ, ಇಸ್ತ್ರಿ ಮುರಿಯದ ಅಂಗಿಯ ಗಂಭೀರ ಮನುಷ್ಯ. ಅವನೇ ನಿಂತು ಸ್ತುತಿ ಓದಿದ. ಮುಂದಿನ ಸಾಲಿನಲ್ಲಿ ನನ್ನ ಅವ್ವ ಕಸ್ತೂರಿ ಕಲ್ಲಿನಂತೆ ಕೂತಿದ್ದಳು. ತಾಯಿ ಸತ್ತ ದಿನದಿಂದ ಅವಳು ಅತ್ತಿರಲೂ ಇಲ್ಲ, ನಕ್ಕಿರಲೂ ಇಲ್ಲ. ಅಡುಗೆ ಮಾಡುವಳು, ಚಪ್ಪರದ ಹಗ್ಗ ಎಳೆಯುವಳು, ಸಂಜೆ ನಿಲ್ದಾಣಕ್ಕೆ ಹೋಗಿ ಗೋಡೆಯ ಕಲ್ಲಿನ ಮುಂದೆ ಸುಮ್ಮನೆ ನಿಂತು ಬರುವಳು.

ಮಾವನ ಓದು ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಿಂದ ಮೈಬುಸಾಬ ನದಾಫರು ಎದ್ದರು. ಅವರು ನಮ್ಮ ನಿಲ್ದಾಣದ ಕೂಗುಗಾರರು. ರೈಲು ಬಂದಾಗ ಊರಿನ ಹೆಸರು, ಮುಂದಿನ ಊರಿನ ಹೆಸರು, ಗಾಳಿಯ ದಿಕ್ಕು ಎಲ್ಲವನ್ನೂ ರಾಗವಾಗಿ ಕೂಗಿ ಹೇಳುವ ಕೆಲಸ ಅವರದು. ಅವರ ಕೂಗು ಕೇಳಲೆಂದೇ ನಮ್ಮಲ್ಲಿ ಇಳಿದು ಮತ್ತೆ ಹತ್ತುವ ಪ್ರಯಾಣಿಕರಿದ್ದಾರೆ. ಅಜ್ಜಿಯ ವಾರಿಗೆಯವರು, ಬೆನ್ನು ಬಾಗಿದೆ, ದನಿ ಬಾಗಿಲ್ಲ.

“ಸಂಗನಬಸಪ್ಪಾ, ಸಾಕ್ ಮಾಡಪ್ಪಾ,” ಎಂದರು. “ಇದು ಯಾರ ಸುದ್ದಿ ಓದಾಕತ್ತಿ? ಚಂಪಿ ಸುದ್ದಿ ಅಂತೂ ಅಲ್ಲ. ಮನವಿ ಗಿನವಿಗೆ ಈ ಕಂಬಾ ಸಿಕ್ಕಿಲ್ಲ. ಆಕಿ ಕಳ್ಳಿ! ಈ ಕಂಬಾ ಕದ್ದ ತಂದಾಳ. ಅಂಥಾ ಕಳ್ಳಿ ಈ ಬಯಲಾಗ ಮತ್ತೊಬ್ಬಾಕಿ ಹುಟ್ಟಿಲ್ಲ!”

ಮಾವ ಕೈಯಲ್ಲಿದ್ದ ಹಾಳೆ ಮಡಚಿದ. “ಮೈಬುಸಾಬರೇ, ಮಾತು ವಾಪಸ್ ತಗೋರಿ,” ಎಂದ.

“ಯಾಕ ತಗೋಲಿ? ಖರೇ ಮಾತು. ನನಗೂ ವಯಸ್ಸಾತು. ನಾ ಹೋದ ಮ್ಯಾಲ ಇದನ್ನ ಹೇಳಾವ್ರು ಯಾರದಾರ?”

ಮಾವ ಮರುದಿನವೇ ದಾವೆ ಹೂಡಿದ. ನಾನು ಅವನನ್ನು ಕೆಟ್ಟವನೆಂದು ತೋರಿಸಲಾರೆ. ಅವನಿಗೆ ಎರಡು ದಿಗಿಲುಗಳಿದ್ದವು. ತಾಯಿಯ ಹೆಸರಿಗೆ ಕಳ್ಳಿ ಎಂಬ ಪದ ಅಂಟಿದರೆ ಮಗನಾಗಿ ತಾನು ಹೇಗೆ ತಲೆ ಎತ್ತುವುದು ಎಂಬುದು ಒಂದು. ಇನ್ನೊಂದು ಊರಿಗೆ ಸಂಬಂಧಿಸಿದ್ದು. ಕಂಬ ಕದ್ದದ್ದೇ ನಿಜವಾದರೆ ಅದರ ಯಜಮಾನರು ಬಂದು ಕಿತ್ತುಕೊಂಡು ಹೋಗಬಹುದು. ಆಗ ಆಸ್ಪತ್ರೆ, ಶಾಲೆ, ಸಂತೆ ಎಲ್ಲ ಏನಾಗಬೇಕು? ಊರು ಎರಡಾಯಿತು. ಮೈಬುಸಾಬರಿಗೆ ಮೌನವಾಸವಾದರೆ ನಿಲ್ದಾಣ ಮೂಕವಾಗುತ್ತದೆ, ಆ ಮುದುಕ ಮಾತಿಲ್ಲದೆ ವರ್ಷ ಬದುಕುವುದಿಲ್ಲ ಎಂದು ಕೆಲವರು ಮರುಗಿದರು. ಸತ್ತ ಹೆಣ್ಣುಮಗಳ ಮೇಲೆ ಕಳವು ಹೊರಿಸಿದ ಬಾಯಿ ಮುಚ್ಚಿಕೊಂಡೇ ಇರಲಿ ಎಂದರು ಕೆಲವರು. ನಮ್ಮ ಮನೆಯೂ ಎರಡಾಯಿತು. ಕಾಯ್ದೆಯ ಪ್ರಕಾರ ಸತ್ತವರ ಮಕ್ಕಳೆಲ್ಲರೂ ಕೋರ್ಟಿನಲ್ಲಿ ನಿಂತು ನಮಗೆ ನೋವಾಗಿದೆ ಎಂದು ಹೇಳಬೇಕು. ಅದಕ್ಕೆ ನೊಂದವರ ನುಡಿ ಎನ್ನುತ್ತಾರೆ. ಮಾವ ದಿನಾ ಸಂಜೆ ಬಂದು ಅವ್ವನ ಎದುರು ಕೂರುತ್ತಿದ್ದ.

“ಅಕ್ಕಾ, ನೀ ಬಂದು ಒಂದ ಮಾತು ಹೇಳಿದ್ರ ಸಾಕು. ನೋವಾಗೇತಿ ಅಂತ.”

ಅವ್ವ ಅಕ್ಕಿ ಆರಿಸುತ್ತಲೇ ಇರುತ್ತಿದ್ದಳು. “ಬರತೇನಿ. ಏನ ಹೇಳಬೇಕೋ ಅಲ್ಲೇ ಹೇಳತೇನಿ,” ಎಂದಷ್ಟೇ ಅನ್ನುತ್ತಿದ್ದಳು.

ನಮ್ಮಲ್ಲಿ ಕೋರ್ಟೇ ಊರಿಗೆ ಬರುತ್ತದೆ. ನ್ಯಾಯಾಧೀಶರು ಗಾಳಿರೈಲಿನಲ್ಲಿ ಬಂದು, ದಾವೆ ಹುಟ್ಟಿದ ಜಾಗದಲ್ಲೇ ಕೂತು ಕೇಳಬೇಕೆಂಬ ನಿಯಮ. ಹಾಗಾಗಿ ಇಂದುಮತಿ ಹಳೇಮನಿ ಎಂಬ ನ್ಯಾಯಾಧೀಶೆ ನಿಲ್ದಾಣದ ಚಪ್ಪರದ ಕೆಳಗೆ, ಆ ಕಂಬಕ್ಕೆ ಎದುರಾಗಿಯೇ ಕುರ್ಚಿ ಹಾಕಿಸಿಕೊಂಡರು. ಇಡೀ ಊರು ಸೇರಿತ್ತು. ಪಕ್ಕದ ಊರಾದ ಬಿಸಿಲಕಟ್ಟಿಯಿಂದಲೂ ಒಂದು ಗುಂಪು ಬಂದಿತ್ತು. ಆ ಊರಿನ ಮಂಡಳಿಯ ಮುಖ್ಯಸ್ಥೆ ಲಲಿತಾಬಾಯಿ ಕಮ್ಮಾರ ಮೊದಲ ಸಾಲಿನಲ್ಲೇ ಬಂದು ಕೂತದ್ದನ್ನು ನೋಡಿ, ಕಂಬ ಅವರದೇ ಇರಬಹುದೇ ಎಂದು ಮಾವ ಗಾಬರಿಯಾದ.

ನ್ಯಾಯಾಧೀಶೆ ಮೈಬುಸಾಬರಿಗೆ ಕೇಳಿದರು, “ನೀವು ಆಡಿದ ಮಾತು ನಿಜವೆನ್ನುವುದಾದರೆ ನಡೆದದ್ದನ್ನು ಮೊದಲಿಂದ ಹೇಳಿ. ನಿಮಗೆ ಹೇಗೆ ಗೊತ್ತು?”

“ನನಗ ಗೊತ್ತಿಲ್ದ ಮತ್ತ ಯಾರಿಗೆ ಗೊತ್ತಿರ್ತೈತ್ರಿ?” ಎಂದರು ಮೈಬುಸಾಬರು. “ಮುಂದಿನ ಹೆಗಲು ನಂದ ಇತ್ತು.”

ಅವರು ಹೇಳಿದ್ದನ್ನು ನನಗೆ ನೆನಪಿರುವಂತೆ ಬರೆಯುತ್ತೇನೆ.

ಆಗ ಗಾಳಿಕೇರಿಗೆ ನಿಲುಗಂಬ ಇರಲಿಲ್ಲ. ಬಿಸಿಲಕಟ್ಟಿಗೆ ಮಾತ್ರ ಎರಡಿದ್ದವು. ಆ ಊರಿನ ಮೇಲಿನ ಓಣಿಯವರಿಗೂ ಕೆಳಗಿನ ಓಣಿಯವರಿಗೂ ಹಳೆಯ ಜಗಳ, ಒಬ್ಬರ ಕಂಬದ ಹತ್ತಿರ ಇನ್ನೊಬ್ಬರು ರೈಲು ಹತ್ತುತ್ತಿರಲಿಲ್ಲ. ಜಗಳ ತೀರಿದ ಮೇಲೂ ಕಂಬ ಎರಡೂ ಉಳಿದವು. ರೈಲು ಅಲ್ಲಿ ಒಂದು ಸಲ ನಿಂತು, ನಾಲ್ಕು ಮಾರು ಹೋಗಿ ಮತ್ತೆ ನಿಲ್ಲುತ್ತಿತ್ತು. ಆಸ್ಪತ್ರೆ ಇದ್ದದ್ದೂ ಅಲ್ಲೇ. ಚಂಪವ್ವನಿಗೆ ಎರಡನೇ ಹೆರಿಗೆಯ ನೋವು ಶುರುವಾದಾಗ ರೈಲು ಅವಳ ಕಣ್ಣ ಮುಂದೆಯೇ ಹಾಯಿ ಉಬ್ಬಿಸಿಕೊಂಡು ಹೋಯಿತು. ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಹೊರಟರು. ಗಾಡಿ ಹೊಡೆದವರು ಮೈಬುಸಾಬರು. ಅರ್ಧ ದಾರಿಯಲ್ಲಿ, ಸುಡುವ ಬಿಸಿಲಲ್ಲಿ, ಗಾಡಿಯ ನೆರಳಿನಲ್ಲಿ ಅವಳು ಹಡೆದಳು.

“ಆ ಕೂಸು ಇವರ ನೋಡ್ರಿ,” ಎಂದು ಮೈಬುಸಾಬರು ಮಾವನ ಕಡೆ ಕೈ ಮಾಡಿದರು. “ಕೂಸು ಅಳ್ಳಿಲ್ಲ. ನಮ್ಮೆಲ್ಲರ ಜೀವಾ ಬಾಯಿಗೆ ಬಂದಿತ್ತು. ಚಂಪಿ ಅದನ್ನ ತಲಿಕೆಳಗ ಹಿಡದು ಬೆನ್ನಿಗೆ ಬಡದು, ಅಳಲೇ ಭಾಡ್ಯಾ, ಅಳ್ತಿಯೋ ಇಲ್ಲೋ ಅಂತ ಬೈದ್ಲು ನೋಡ್ರಿ, ಆವಾಗ ಅತ್ತಿತು. ಊರಿಗೆ ಬಂದ ಮ್ಯಾಲ ಆಕಿ ನನಗ ಅಂದ್ಲು, ಮೈಬ್ಯಾ, ಮುಂದ ಈ ಊರಿನ ಯಾವ ಹೆಂಗಸೂ ದಾರ್ಯಾಗ ಹಡಿಬಾರ್ದು ಅಂತ.”

ಮಾವ ತಲೆ ಎತ್ತಿ ನೋಡಿದ. ತಾನು ಬಿಸಿಲಕಟ್ಟಿಯ ಆಸ್ಪತ್ರೆಯಲ್ಲಿ ಹುಟ್ಟಿದವನೆಂದೇ ಅವನು ತಿಳಿದಿದ್ದ. ಮರ್ಯಾದೆಯ ಹುಟ್ಟು ಅದು ಎಂದು ಮನೆಯಲ್ಲಿ ಹಾಗೆ ಹೇಳುತ್ತ ಬಂದಿದ್ದರು.

ಚಂಪವ್ವ ರೈಲು ಮಂಡಳಿಯ ಬಾಗಿಲಿಗೆ ಹೋದದ್ದೂ ನಿಜ. ಹೋದಾಗಲೆಲ್ಲ ಪರಿಶೀಲನೆಯಲ್ಲಿದೆ ಎಂಬ ಉತ್ತರ. ಕೊನೆಗೆ ಒಂದು ದಿನ ಆಕೆ ಗೆಳೆಯರನ್ನು ಕರೆದು, ಬಿಸಿಲಕಟ್ಟಿಯ ಕೆಳಗಿನ ಓಣಿಯ ಕಂಬವನ್ನು ನಾವೇ ತರೋಣ ಎಂದಳು. ಆಳೆತ್ತರದ ಕಲ್ಲನ್ನು ಹಗಲು ಹೊತ್ತು ಊರ ನಡುವಿನಿಂದ ಹೊತ್ತುಕೊಂಡು ಬರುವುದು ಹೇಗೆ?

“ಹೆಂಗ ಅಂದ್ರ, ಹೆಣಾ ಮಾಡಿ ತಂದ್ವಿರಿ!” ಎಂದರು ಮೈಬುಸಾಬರು.

ಚಪ್ಪರದ ಕೆಳಗೆ ಯಾರೋ ಕಿಸಕ್ಕೆಂದರು. ನ್ಯಾಯಾಧೀಶೆ ಗಂಭೀರವಾಗಿ ಮುಂದುವರಿಸಲು ಹೇಳಿದರು.

ಬಿಸಿಲಕಟ್ಟಿಯವರೆಲ್ಲ ಸಂತೆಯಲ್ಲಿದ್ದಾಗ ಕಂಬ ಕಿತ್ತು, ಬಿಳಿ ಬಟ್ಟೆ ಸುತ್ತಿ, ಚಟ್ಟಕ್ಕೆ ಕಟ್ಟಿ, ಮೇಲೆ ಚೆಂಡುಹೂವು ಹಾಕಿದರು. ಆರು ಜನ ಹೆಗಲು ಕೊಟ್ಟರು. ಚಂಪವ್ವ ತಲೆ ಕೆದರಿಕೊಂಡು ಎದೆ ಬಡಿದುಕೊಳ್ಳುತ್ತ ಹಿಂದೆ ಹೊರಟಳು. ಊರು ದಾಟಲು ಸಂತೆಯ ನಡುವಿನ ದಾರಿಯೊಂದೇ ಇತ್ತು. ಹೆಣ ಬರುವುದನ್ನು ಕಂಡು ಸಂತೆ ನಿಂತಿತು. ಜನ ತಲೆಯ ರುಮಾಲು ತೆಗೆದರು. ಹೆಂಗಸರು ಓಡಿಬಂದು ಚಂಪವ್ವನನ್ನು ಹಿಡಿದುಕೊಂಡರು.

“ಒಬ್ಬಾಕಿ ಕೇಳಿದ್ಲು, ಹೆಂಗಾತವ್ವಾ, ಜಡ್ಡು ಬಿದ್ದಿದ್ರೇನು ಅಂತ. ಚಂಪಿ ಅಂದ್ಲು, ಇಲ್ಲವ್ವಾ ಎವ್ವಾ, ಹುಟ್ಟಿದಾಗಿಂದ ಒಂದ ದಿನಾ ಕುಂತಾವ್ರಲ್ಲ! ಮಳಿ ಬರಲಿ, ಬಿಸಲ ಬರಲಿ, ನಿಂತವರು ನಿಂತಂಗ ಇದ್ರವ್ವಾ! ಅಂತ.” ಮೈಬುಸಾಬರ ದನಿ ತಾನಾಗಿ ರಾಗಕ್ಕೆ ತಿರುಗಿತು. “ಹೆಣಾ ಇಷ್ಟ ಯಾಕ ಭಾರ ಐತಿ ಅಂತ ಒಬ್ಬಾಂವ ನನ್ನ ಕೇಳಿದ. ಭಾಳ ಗಟ್ಟಿ ಮನುಷ್ಯಾ ಇದ್ರಪ್ಪಾ ಅಂದೆ. ಆ ಊರಿನ ಹಿರ್ಯಾರೊಬ್ರು ಬಂದು ಹಾರಾ ಹಾಕಿ ಕೈ ಮುಗದು ಅಂದ್ರು, ನನಗ ಭಾಳ ಚಲೋ ಪರಿಚಯ ಇವರು, ಒಂದ ದಿನಾ ಯಾರಿಗೂ ಎದುರ ಮಾತಾಡಿದಾವರಲ್ಲ!”

ಇಷ್ಟು ಹೊತ್ತಿಗೆ ಚಪ್ಪರದ ಕೆಳಗೆ ನಗು ತಡೆಯುವವರೇ ಇರಲಿಲ್ಲ. ಎರಡು ಊರಿನವರೂ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ನ್ಯಾಯಾಧೀಶೆ ಬಾಯಿಗೆ ಬೆರಳು ಅಡ್ಡ ಹಿಡಿದು ಕೆಳಗೆ ನೋಡುತ್ತಿದ್ದರು.

“ಆ ಮಾತು ಕೇಳಿ ಚಂಪಿಗೆ ನಗಿ ತಡಿಲಿಲ್ರಿ. ಸೆರಗ ಮಾರಿಗೆ ಹಿಡಕೊಂಡ್ಲು. ಬುಜಾ ಹಿಂಗ ಹಿಂಗ ಕುಣ್ಯಾಕತ್ತಿದ್ವು. ಪಾಪ, ಅಳೂದು ಜೋರಾತು ಅಂತ ತಿಳದು ಬಿಸಿಲಕಟ್ಟಿ ಹೆಂಗಸರೆಲ್ಲ ಅವಳನ್ನ ತೆಕ್ಕಿ ಹಾಯ್ದು ಗೊಳೋ ಅಂತ ಅತ್ರು. ಅವರು ಅತ್ತಂಗ ಅತ್ತಂಗ ಇಕಿ ನಗಿ ಹೆಚ್ಚಾಗೂದು, ಇಕಿ ಬುಜಾ ಕುಣದಂಗ ಕುಣದಂಗ ಅವರು ಅಳೂದು ಹೆಚ್ಚಾಗೂದು. ಊರ ಹೊರಗ ಬರೂ ತನಕಾ ನಮ್ಮ ಜೀವದಾಗ ಜೀವಾ ಇರಲಿಲ್ಲ.”

ಕಂಬವನ್ನು ಗಾಳಿಕೇರಿಯ ಹಳಿಯ ಪಕ್ಕ ನೆಟ್ಟರು. ಮರುದಿನ ಬೆಳಿಗ್ಗೆ ರೈಲು ದೂರದಲ್ಲಿ ಕಂಡಿತು. ಹತ್ತಿರ ಬಂದಿತು. ಒಂದೊಂದೇ ಹಾಯಿ ಮಡಚಿಕೊಂಡು, ಉಸಿರು ಬಿಟ್ಟಂತೆ ಸದ್ದು ಮಾಡಿ, ನಿಂತಿತು. ಹೊಲದಲ್ಲಿದ್ದವರು ಕೈ ಬೀಸುವುದನ್ನೂ ಮರೆತು ನಿಂತುಬಿಟ್ಟರು. ಬಂಡಿಯೊಳಗಿಂದ ಒಬ್ಬ ಪ್ರಯಾಣಿಕ ತಲೆ ಹೊರಹಾಕಿ, ಇದು ಯಾವ ಊರು ಎಂದು ಕೇಳಿದ. ಚಂಪವ್ವ ಮೈಬುಸಾಬರ ಬೆನ್ನಿಗೆ ಗುದ್ದಿ, “ಹೇಳಲೇ, ಒದರಿ ಹೇಳು!” ಎಂದಳು. ಅವರು ತಮ್ಮ ಊರಿನ ಹೆಸರನ್ನು ರೈಲಿಗೆ ಕೂಗಿ ಹೇಳಿದ್ದು ಅದೇ ಮೊದಲು. ಅಂದಿನಿಂದ ಇಂದಿನವರೆಗೆ ಅದೇ ಅವರ ಕೆಲಸವಾಯಿತು. ಕೆಲವು ತಿಂಗಳ ಮೇಲೆ ರೈಲು ಮಂಡಳಿಯವರು ಬಂದು ನೋಡಿ, ಕಂಬ ತಾವೇ ಕೊಟ್ಟಿರಬೇಕೆಂದುಕೊಂಡು, ತಮ್ಮ ಔದಾರ್ಯಕ್ಕೆ ತಾವೇ ಸಂತೋಷಪಟ್ಟು, ಗೋಡೆಯ ಕಲ್ಲು ಕೆತ್ತಿಸಿ ಹೋದರು.

ಮೈಬುಸಾಬರು ಕೂತ ಕೂಡಲೇ ಲಲಿತಾಬಾಯಿ ಎದ್ದರು. ನಗು ತಟ್ಟನೆ ನಿಂತಿತು. ಮಾವ ಕುರ್ಚಿಯ ಅಂಚಿಗೆ ಬಂದಿದ್ದ. ಗಾಳಿಕೇರಿಯ ಹೆಂಗಸರು ಆ ಕಂಬದ ಕಡೆಗೆ ನೋಡಿದರು.

“ಸಾಹೇಬ್ರ,” ಎಂದರು ಲಲಿತಾಬಾಯಿ, “ಅವತ್ತ ಅತ್ತಾವರಾಗ ನಮ್ಮವ್ವನೂ ಒಬ್ಬಾಕಿ. ಅಷ್ಟ ದೊಡ್ಡ ಮನುಷ್ಯಾ ನಮ್ಮೂರ ಹಾದು ಹೋದ ಅಂತ ನಮ್ಮ ಹಿರ್ಯಾರು ದಾರಿ ಬಾಜೂಕ ಒಂದ ಕಟ್ಟಿ ಕಟ್ಟ್ಯಾರ. ಹಾದಿಹಿರಿಯನ ಕಟ್ಟಿ ಅಂತೀವಿ. ವರ್ಷಾ ಆ ದಿನಾ ಗೋಧಿ ಬೆಲ್ಲದ ಮಾದಲಿ ಮಾಡಿ ಎಡಿ ಹಿಡಿತೀವಿ. ಇವತ್ತ ಗೊತ್ತಾತು, ಆ ಹಿರಿಯಾ ಇಲ್ಲೇ ನಿಂತಾನ ಅಂತ!”

ನ್ಯಾಯಾಧೀಶೆಗೆ ಇನ್ನು ತಡೆಯಲಾಗಲಿಲ್ಲ. ಜೋರಾಗಿ ನಕ್ಕು, ಕಣ್ಣೊರೆಸಿಕೊಂಡು ಕೇಳಿದರು, “ನಿಮ್ಮ ಕಂಬ ನಿಮಗೆ ವಾಪಸ್ ಬೇಕೇನು?”

“ಯಾಕ ಬೇಕ್ರಿ? ಎರಡೆರಡ ಸಲ ನಿಂತು ನಮಗೂ ಸಾಕಾಗಿತ್ತು. ಒಂದು ಕಂಬ ಹ್ವಾದಾಗ ಮಂಡಳಿಯವರ ಒಯ್ದಾರ ಅಂತ ನಮ್ಮ ಹಿರ್ಯಾರು ಬಿಟ್ಟಿದ್ರಂತ. ನಮ್ಮೂರವರು ಕೊಟ್ಟಾರ ಅಂತ ಬರಕೋರಿ. ಆದ್ರ ಕಟ್ಟಿ ತಗಿಯೂದಿಲ್ಲ. ಮಾದಲಿ ಬಿಡೂದಿಲ್ಲ. ಇವರೂ ಬರ್ಲಿ, ಕೂಡಿ ಉಣ್ಣೂಣು.”

ಎರಡು ಊರಿನವರೂ ಚಪ್ಪಾಳೆ ತಟ್ಟಿದರು. ಮಾವನ ಒಂದು ದಿಗಿಲು ಅಲ್ಲಿಗೆ ಕರಗಿತು. ಉಳಿದದ್ದು ಇನ್ನೊಂದು. ನ್ಯಾಯಾಧೀಶೆ ಅವ್ವನನ್ನು ಕರೆದರು. ನಾನು ಅವಳ ಕೈ ಹಿಡಿದು ಮುಂದೆ ತಂದೆ. ಆ ಕೈ ಬೆಚ್ಚಗಿತ್ತು. ಒಂದು ವರ್ಷದಿಂದ ಅದು ತಣ್ಣಗೇ ಇತ್ತು.

“ಕಸ್ತೂರಿ ಅವರೇ, ಈ ಮಾತುಗಳಿಂದ ನಿಮಗೆ ನೋವಾಗಿದೆಯೇ?”

“ಆಗೇತ್ರಿ,” ಎಂದಳು ಅವ್ವ. ಮಾವ ತಲೆ ಎತ್ತಿದ. “ನಕ್ಕು ನಕ್ಕು ಪಕ್ಕಿ ನೋಯಾಕತ್ಯಾವು.”

ಆಮೇಲೆ ಅವಳು ಗೋಡೆಯ ಕಲ್ಲಿನ ಕಡೆ ತಿರುಗಿದಳು.

“ನಮ್ಮವ್ವ ಹೋಗಿ ವರ್ಷಾತ್ರಿ. ದಿನಾ ಸಂಜಿ ಬಂದು ಆ ಗ್ವಾಡಿ ಮ್ಯಾಲಿಂದು ಓದತಿದ್ದೆ. ಓದಿ ಓದಿ ಆಕಿ ಮಾರಿನ ಮರತಂಗ ಆತು. ಸದ್ಗುಣಿ ಅಂತ ಬರದಾರ. ಸದ್ಗುಣಿ ಮಾರಿ ಹೆಂಗಿರ್ತೈತಿ? ಸೆರಗು ಹಿಡಕೊಂಡು ಬುಜಾ ಕುಣಿಸಿ ನಗೂದು, ಅದು ನಮ್ಮವ್ವ. ನನ್ನ ಮದವ್ಯಾಗ ಭಟ್ಟರು ಮಂತ್ರ ತಪ್ಪಿದಾಗ ಹಂಗ ನಕ್ಕಿದ್ಲು. ನಮ್ಮಪ್ಪ ಹಪ್ಪಳದ ಮ್ಯಾಲ ಕುಂತಾಗ ಹಂಗ ನಕ್ಕಿದ್ಲು. ಇವತ್ತ ಆಕಿ ಬಂದ್ಲು ನೋಡ್ರಿ, ಬಂದು ನನ್ನ ಮುಂದ ನಿಂತ್ಲು.” ಹೇಳುತ್ತ ಹೇಳುತ್ತ ಅವ್ವ ಅಳತೊಡಗಿದಳು. ಒಂದು ವರ್ಷದ ಅಳು ಅದು. ಮುಖದ ಮೇಲೆ ಇನ್ನೂ ನಗುವೂ ಇತ್ತು.

ನ್ಯಾಯಾಧೀಶೆ ಮೃದುವಾಗಿ ಕೇಳಿದರು, “ಅವರು ಸುಳ್ಳು ಹೇಳಿದ್ದರೆ?”

ಅವ್ವ ಕಣ್ಣೊರೆಸಿಕೊಂಡಳು. “ನಮ್ಮನ್ನ ನೋಯಸಾಕಂತ ಸುಳ್ಳ ಹೇಳಿದ್ರ ನನ್ನ ತಮ್ಮಗಿಂತ ಮೊದಲ ನಾನ ದಾವೆ ಹಾಕತಿದ್ನಿರಿ.”

ತೀರ್ಪು ಅಂದೇ ಬಂತು. ಬದುಕಿರುವವರನ್ನು ನೋಯಿಸಲೆಂದೇ ಸತ್ತವರ ಮೇಲೆ ಸುಳ್ಳು ಕಟ್ಟಿದರೆ ಮನೆಯವರಿಗೆ ದಾವೆಯ ಹಕ್ಕು ಇದ್ದೇ ಇರಬೇಕು, ಆ ತಾಯಿ ಗಳಿಸಿಕೊಟ್ಟದ್ದನ್ನು ಬಿಡುವಂತಿಲ್ಲ ಎಂದರು ಇಂದುಮತಿ ಹಳೇಮನಿ. ಆದರೆ ಸತ್ತವರ ನೆನಪು ವಾರಸುದಾರರಿಗೆ ಮಾತ್ರ ಸೇರಿದ ಆಸ್ತಿಯಲ್ಲ, ಅವರ ಜೊತೆ ನಕ್ಕವರಿಗೆ, ಜಗಳಾಡಿದವರಿಗೆ, ಹೆಗಲು ಕೊಟ್ಟವರಿಗೆ ಎಲ್ಲರಿಗೂ ಅದರಲ್ಲಿ ಪಾಲಿದೆ. ನಡೆದದ್ದನ್ನು ನಡೆದಂತೆ ಹೇಳಿದವರ ಬಾಯಿ ಮುಚ್ಚಿಸುವುದಕ್ಕೆ ಈ ಕಾಯ್ದೆ ಹುಟ್ಟಿದ್ದಲ್ಲ. ದಾವೆ ವಜಾ. ಮೈಬುಸಾಬರು ಎದ್ದು ನಿಂತು, ಸಂಜೆಯ ರೈಲು ಬರುವ ಹೊತ್ತಾಗಿದ್ದರಿಂದ, ನ್ಯಾಯಾಧೀಶೆಗೆ ಕೈ ಮುಗಿದು ನೇರವಾಗಿ ಕೂಗಲು ಹೋದರು. ಅಂದು ಅವರು ಕೂಗಿದ ಹಾಗೆ ಹಿಂದೆಂದೂ ಕೂಗಿರಲಿಲ್ಲ ಎಂದು ಜನ ಈಗಲೂ ಹೇಳುತ್ತಾರೆ.

ಎಲ್ಲರೂ ಚದುರಿದ ಮೇಲೆ ಮಾವ ಮೈಬುಸಾಬರ ಬಳಿ ಹೋಗಿ ನಿಂತ. ಕೇಳಿದ, “ಗಾಡಿ ಎಲ್ಲಿ ನಿಂತಿತ್ತ್ರಿ? ನಾ ಹುಟ್ಟಿದ ಜಾಗಾ ಯಾವುದು?”

“ನಾಳೆ ತೋರಸ್ತೇನಿ ಬಾ,” ಎಂದರು ಮೈಬುಸಾಬರು.

ಮರುದಿನ ಬೆಳಿಗ್ಗೆ ಇಬ್ಬರೂ ಹಳೆಯ ಗಾಡಿದಾರಿಯಲ್ಲಿ ನಡೆದು ಹೋದರು. ನಾನೂ ಜೊತೆಗಿದ್ದೆ. ಸಜ್ಜೆಯ ಹೊಲದ ಬದಿಯಲ್ಲಿ, ಏನೂ ಗುರುತಿಲ್ಲದ ಒಂದು ಬಯಲ ತುಣುಕನ್ನು ಮೈಬುಸಾಬರು ತೋರಿಸಿದರು. ಮಾವ ಇಸ್ತ್ರಿ ಅಂಗಿಯ ಗೊಡವೆಯಿಲ್ಲದೆ ಆ ಮಣ್ಣಿನಲ್ಲೇ ಕೂತ. “ನಮ್ಮವ್ವ ಬೈದದ್ದು ಪೂರಾ ಹೇಳ್ರಿ. ಒಂದೂ ಬಿಡಬ್ಯಾಡ್ರಿ,” ಎಂದ. ಮೈಬುಸಾಬರು ಹೇಳಿದರು. ಆ ಬೈಗುಳಗಳನ್ನು ಇಲ್ಲಿ ಬರೆಯಲಾರೆ. ಬರೆದರೆ ಟಪಾಲು ಪೆಟ್ಟಿಗೆ ಒಪ್ಪುವುದಿಲ್ಲ. ಮಾವ ಮಾತ್ರ ಪ್ರತಿಯೊಂದಕ್ಕೂ ಕಣ್ಣಲ್ಲಿ ನೀರು ಬರುವಂತೆ ನಕ್ಕ.

ಅಲ್ಲಿಂದ ಮುಂದೆ ನಮ್ಮ ಬಯಲಿನ ನೆನಪಿನ ಸಭೆಗಳ ರೀತಿಯೇ ಬದಲಾಯಿತು. ಮೊದಲು ಜನ ಹೆದರುತ್ತ ಎದ್ದರು. ಪಾಠ ಹೇಳುವಾಗಲೇ ಗೊರಕೆ ಹೊಡೆಯುತ್ತಿದ್ದ ಮಾಸ್ತರರ ಸುದ್ದಿ ಬಂತು. ಮಕ್ಕಳಿಗೆ ಇಂಜೆಕ್ಷನ್ ಕೊಡುವ ಮೊದಲು ತಾನೇ ಕಣ್ಣು ಮುಚ್ಚಿಕೊಳ್ಳುತ್ತಿದ್ದ ನರ್ಸಮ್ಮನ ಸುದ್ದಿ ಬಂತು. ಕುಡಿದು ಹೆಂಡತಿಗೆ ಹೊಡೆಯುತ್ತಿದ್ದ ಒಬ್ಬನ ಸಭೆಯಲ್ಲಿ ಅವನ ಮಗಳೇ ಎದ್ದು, ಹೊಡೆಯುತ್ತಿದ್ದ ಎಂದು ಹೇಳಿ ಕೂತಳು. ಯಾರೂ ಅವಳನ್ನು ತಡೆಯಲಿಲ್ಲ, ಪಕ್ಕದಲ್ಲಿದ್ದವರು ಅವಳ ಕೈ ಹಿಡಿದುಕೊಂಡರು. ಎಲ್ಲ ನೆನಪೂ ನಗುವಲ್ಲ, ಅದು ನಮಗೆ ಗೊತ್ತಿದೆ. ಆದರೆ ಸಭೆಗಳಿಗೆ ಈಗ ಮಕ್ಕಳೂ ಓಡಿಬರುತ್ತಾರೆ, ಮುಂದಿನ ಸಾಲಿಗೆ ಜಗಳವಾಡುತ್ತಾರೆ. ಬಿಸಿಲಕಟ್ಟಿಯ ಮಾದಲಿಗೆ ಈ ವರ್ಷ ನಾವೆಲ್ಲ ಹೋಗಿ ಉಂಡು ಬಂದೆವು. ತುಪ್ಪ ಸ್ವಲ್ಪ ಕಡಿಮೆಯಾಗಿತ್ತು. ಇದನ್ನು ಲಲಿತಾಬಾಯಿ ಬದುಕಿರುವಾಗಲೇ ಅವರಿಗೆ ಹೇಳಿದ್ದೇನೆ.

ಇನ್ನು ನಮ್ಮ ಬೇಡಿಕೆ. ನಿಮ್ಮ ಕಾಲದಿಂದ ನಮಗೆ ಎಷ್ಟೋ ಸಾವಿರ ಪಟಗಳು ಉಳಿದು ಬಂದಿವೆ. ಅವುಗಳಲ್ಲಿ ನೀವೆಲ್ಲ ಒಂದೇ ರೀತಿ ನಗುತ್ತೀರಿ, ಊಟದ ತಟ್ಟೆಗಳ ಮುಂದೆ ಒಂದೇ ರೀತಿ ಕೂರುತ್ತೀರಿ. ಅವುಗಳ ಕೆಳಗೆ ಬರೆದದ್ದೆಲ್ಲ ಹೊಗಳಿಕೆ. ನೀವು ಯಾರೆಂದು ನಮಗೆ ತಿಳಿಯುವುದೇ ಇಲ್ಲ. ನಿಮ್ಮಲ್ಲಿ ಯಾರು ಸಿಟ್ಟು ಬಂದಾಗ ಪಾತ್ರೆ ಕುಕ್ಕುತ್ತಿದ್ದರು, ಯಾರು ಚೌಕಾಬಾರದಲ್ಲಿ ಮೋಸ ಮಾಡುತ್ತಿದ್ದರು, ಯಾರು ಶ್ರುತಿ ಇಲ್ಲದೆ ಹಾಡಿ ಮನೆಯವರ ನಿದ್ದೆ ಕೆಡಿಸುತ್ತಿದ್ದರು ಎಂಬುದನ್ನು ಒಂದಿಷ್ಟು ಬಿಟ್ಟು ಹೋಗಿ. ಸುಳ್ಳು ಸೇರಿಸಬೇಡಿ, ಅದಕ್ಕೆ ನಾವೂ ದಾವೆ ಹಾಕುತ್ತೇವೆ. ಈ ಪತ್ರ ಮಡಚಿಟ್ಟ ಮೇಲೆ ಮನೆಯಲ್ಲಿರುವ ಚಿಕ್ಕವರನ್ನು ಯಾರನ್ನಾದರೂ ಹತ್ತಿರ ಕರೆದು, ನಿಮ್ಮ ಅಜ್ಜಿ ನಿಮಗೆ ಏನೆಂದು ಬೈಯುತ್ತಿದ್ದಳೋ ಅದನ್ನು ಅದೇ ದನಿಯಲ್ಲಿ ಒಂದು ಸಲ ಬೈದು ತೋರಿಸಿ.

ಸುಖವಾಗಿರಿ.

ನಿಮ್ಮ ಮುಂದಿನವಳು,
ಮಂದಾಕಿನಿ ಚಂಪವ್ವ ಗಾಳಿಕೇರಿ
(ನಮ್ಮಲ್ಲಿ ನಡುವಿನ ಹೆಸರು ಅಜ್ಜಿಯದು.)